ಸ್ವಾತಂತ್ರ್ಯ ದಿನವಿಲ್ಲದ ದೇಶದಲ್ಲಿ

ವಿಮಾನ ನಿಲ್ದಾಣ

ನ್ಯೂಜಿಲೆಂಡಿನ ನೆಲವನ್ನು ನಾನು ಮೊದಲು ಮುಟ್ಟಿದ್ದು ಬರೀ ಕಾಲುಚೀಲದಲ್ಲಿ. ಬೂಟುಗಳನ್ನು ಅಧಿಕಾರಿಯೊಬ್ಬಳು ಆಗಲೇ ಒಳಗೆ ಎತ್ತಿಕೊಂಡು ಹೋಗಿದ್ದಳು.

ವಿಮಾನ ಇಳಿಯುವ ಮೊದಲೇ ಎಲ್ಲರೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಇತ್ತೀಚೆಗೆ ಹೊಲ, ಕಾಡು ಎಲ್ಲಾದರೂ ತಿರುಗಾಡಿದ್ದೀರಾ? ಪಕ್ಕದ ಸೀಟಿನ ಹುಡುಗಿ, ಇಲ್ಲ ಅಂತ ಹಾಕಿಬಿಡಿ ಆಂಟಿ, ಸುಮ್ಮನೆ ರಗಳೆ ಎಂದಳು. ಧಾರವಾಡದ ಕೋರ್ಟಿನಲ್ಲಿ ಸಾಕ್ಷಿದಾರರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುತ್ತ ಕೂದಲು ಬೆಳ್ಳಗಾದವಳು ನಾನು. ಸುಳ್ಳು ಹೇಳಲು ಬಾಯಿ ಬಂದರೂ ಬರೆಯಲು ಕೈ ಬರುವುದಿಲ್ಲ. ಹೊರಡುವ ವಾರವೇ ಕಡಲೆ ಕೀಳುವುದನ್ನು ನೋಡಲು ನಮ್ಮ ಹೊಲಕ್ಕೆ ಹೋಗಿದ್ದೆ, ಇದೇ ಬೂಟು ಹಾಕಿಕೊಂಡು. ಹೌದು ಎಂದು ಗುರುತು ಹಾಕಿದೆ.

ಅಧಿಕಾರಿ ಬೂಟನ್ನು ಬೋರಲು ಮಾಡಿ ನೋಡಿದಳು. ಅಟ್ಟೆಯ ಗೆರೆಗಳಲ್ಲಿ ನಮ್ಮ ಎರೆಮಣ್ಣು ಒಣಗಿ ಕೂತಿತ್ತು. ಬೈಯಲಿಲ್ಲ. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ ಒಳಗೆ ಹೋಗಿ, ಎರಡನ್ನೂ ತಿಕ್ಕಿ ತೊಳೆದು, ಹಸಿಹಸಿಯಾಗಿಯೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟಳು. ನಮ್ಮಲ್ಲಿ ಮನೆಗೆ ಬಂದವರ ಕಾಲಿಗೆ ನೀರು ಕೊಡುತ್ತೇವೆ. ಇಲ್ಲಿ ಬೂಟಿಗೆ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಚಿಟಿಕೆ ಮಣ್ಣಿಗೆ ಇಷ್ಟು ಹೆದರಿಕೆ ಯಾಕೆ ಎಂದು ಕೇಳಿದೆ. ಹಿಂದೆ ಹಡಗಿನಲ್ಲಿ ಬಂದವರು ಮೊಲ ತಂದರಂತೆ. ಮೊಲ ಹೆಚ್ಚಿ ಹುಲ್ಲುಗಾವಲು ತಿಂದುಹಾಕಿದವು. ಮೊಲ ತಿನ್ನಲಿ ಎಂದು ಮುಂಗುಸಿಯಂಥ ಒಂದು ಪ್ರಾಣಿಯನ್ನು ತಂದರೆ ಅದು ಹಾರಲು ಬಾರದ ಇಲ್ಲಿನ ಹಕ್ಕಿಗಳನ್ನು ಹಿಡಿದು ತಿಂದಿತಂತೆ. ಬೇಲಿಗೆಂದು ತಂದ ಮುಳ್ಳುಗಿಡ ಬೇಲಿ ಬಿಟ್ಟು ಗುಡ್ಡ ಹತ್ತಿತಂತೆ. ಇದನ್ನೆಲ್ಲ ಹೇಳಿದ ಆ ಕೆಂಪು ಕೂದಲಿನ ಹೆಣ್ಣುಮಗಳ ಮುತ್ತಜ್ಜನೂ ಅಂಥದ್ದೇ ಒಂದು ಹಡಗಿನಲ್ಲಿ ಬಂದಿರಬೇಕು. ಆದರೆ ಬೂಟು ತೊಳೆದುಕೊಟ್ಟವಳಿಗೆ ಅದನ್ನು ಹೇಗೆ ಕೇಳುವುದು?

ಹೊರಗೆ ತಮ್ಮ ಮಹಾಂತೇಶ ಕಾಯುತ್ತಿದ್ದ. ಆರು ವರ್ಷಗಳ ಮೇಲೆ ಕಂಡ ಅಕ್ಕನನ್ನು ತಬ್ಬಿಕೊಳ್ಳುವ ಮೊದಲು ಅವನು ನನ್ನ ಕಾಲು ನೋಡಿದ.

"ಬೂಟ್ ಎಲ್ಲಿ ಬಿಟ್ಟಿ?"

"ತೊಳ್ಯಾಕ ಕೊಟ್ಟಿದ್ದೆ," ಎಂದೆ.

ಬಾಟನಿ ಡೌನ್ಸ್

ಮಹಾಂತೇಶ ಓದಲೆಂದು ಬಂದು ಇಲ್ಲೇ ಉಳಿದವನು. ಈಸ್ಟ್ ತಮಾಕಿಯಲ್ಲಿ ಹಾಲು ತಂಪು ಮಾಡುವ ದೊಡ್ಡ ದೊಡ್ಡ ಟ್ಯಾಂಕು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ಅವನ ಹೆಸರು ಬರೀ 'ಮಹಾ'. ಹೆಂಡತಿ ಸ್ಮಿತಾ ಮೈಸೂರಿನವಳು, ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಮಗಳು ಇಂಚರಾಳಿಗೆ ಒಂಬತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಎರಡು ದಿನದಲ್ಲಿ ಇಬ್ಬರಿಗೂ ಅದು ರೂಢಿಯಾಯಿತು. ಕೋರ್ಟಿನಲ್ಲಿ ನಡೆಯುವುದೂ ಅದೇ ತಾನೇ.

ನನ್ನನ್ನು ಕರೆಸಿದ್ದಕ್ಕೆ ಕಾರಣವಿತ್ತು. ಮಹಾಂತೇಶನಿಗೆ ಇಲ್ಲಿನ ಪೌರತ್ವ ಸಿಗುವುದಿತ್ತು. ಅದನ್ನು ಒಂದು ಸಮಾರಂಭ ಮಾಡಿ ಕೊಡುತ್ತಾರೆ, ಮನೆಯವರು ಯಾರಾದರೂ ಬರಬೇಕು ಎಂದು ಅವನೇ ಟಿಕೆಟ್ ಕಳಿಸಿದ್ದ. ಬಂದ ಮೊದಲ ರಾತ್ರಿ ಊಟಕ್ಕೆ ಕೂತಾಗ ಸ್ಮಿತಾ ಗುಟ್ಟು ಒಡೆದಳು. ಈ ಸಮಾರಂಭವನ್ನು ಇವನು ಒಮ್ಮೆ ಮುಂದೆ ಹಾಕಿಸಿಕೊಂಡಿದ್ದನಂತೆ. ಜ್ವರ ಎಂದು ನೆಪ ಹೇಳಿದ್ದನಂತೆ. ಜ್ವರ ಇರಲಿಲ್ಲವಂತೆ.

ಇದ್ದದ್ದು ಆಣೆಯ ತೊಡಕು. ಪೌರನಾಗುವವನು ಎಲ್ಲರೆದುರು ನಿಂತು, ನ್ಯೂಜಿಲೆಂಡಿನ ರಾಜನಿಗೂ ಅವನ ವಾರಸುದಾರರಿಗೂ ನಿಷ್ಠನಾಗಿರುತ್ತೇನೆ ಎಂದು ಆಣೆ ಮಾಡಬೇಕು. ನ್ಯೂಜಿಲೆಂಡಿನ ರಾಜ ಎಂದರೆ ಇಂಗ್ಲೆಂಡಿನ ರಾಜನೇ.

ನಮ್ಮಜ್ಜ ಚಲೇಜಾವ್ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಹಿಂಡಲಗಾ ಜೈಲಿಗೆ ಹೋದವರು. ಹೊರಗೆ ಬಂದ ಮೇಲೂ ಕಾಗದಕ್ಕೆ ಅಂಚೆಚೀಟಿ ಹಚ್ಚುವಾಗ ರಾಜನ ತಲೆ ಕೆಳಗಾಗುವಂತೆಯೇ ಹಚ್ಚುತ್ತಿದ್ದರು. ಅದಕ್ಕೆ ಜೈಲಿಲ್ಲ ನೋಡು, ಎಂದು ನಗುತ್ತಿದ್ದರು. ಮಹಾಂತೇಶನೂ ನಾನೂ ಅವರ ತೊಡೆಯ ಮೇಲೆ ಬೆಳೆದವರು.

"ಅಜ್ಜನ್ನ ಜೈಲಿಗೆ ಹಾಕಿದ ರಾಜಾನ ಮೊಮ್ಮಗ ಈಗಿನ ರಾಜ," ಎಂದ ಮಹಾಂತೇಶ, ಅನ್ನ ಕಲಸುತ್ತ. "ಜೈಲಿಗೆ ಹೋದಾಂವನ ಮೊಮ್ಮಗ ನಾನು. ನಾ ಹೋಗಿ ಅವಂಗ ಹೆಂಗ ಆಣಿ ಮಾಡ್ಲಿ?"

ಸ್ಮಿತಾ ಎರಡು ವರ್ಷದ ಹಿಂದೆಯೇ ಆ ಆಣೆ ಮಾಡಿ ಮುಗಿಸಿದ್ದಳು. ಅವಳಿಗೆ ಇದೆಲ್ಲ ಅರ್ಥವಾಗದ ಧಾರವಾಡದ ಹಟ. "ನಮ್ಮಜ್ಜಿ ದೇವರ ಮನೇಲಿ ಮಹಾರಾಜರ ಫೋಟೋ ಇಟ್ಟು ಹೂವು ಹಾಕ್ತಿದ್ರು ಅತ್ತಿಗೆ," ಎಂದಳು. "ರಾಜ ಅಂದ್ರೆ ನಂಗೇನೂ ಬೇಜಾರಿಲ್ಲಪ್ಪ. ಆಣೆ ಮಾಡಿ ಬಂದು ಮಸಾಲೆ ದೋಸೆ ತಿಂದೆ."

ಹಳೇ ಮೈಸೂರಿಗೂ ಮುಂಬೈ ಕರ್ನಾಟಕಕ್ಕೂ ಇರುವ ಅಂತರ ಏಳು ಸಮುದ್ರ ದಾಟಿದರೂ ಒಂದೇ ಊಟದ ಮೇಜಿನ ಮೇಲೆ ಹಾಗೇ ಕೂತಿತ್ತು. ನನಗೆ ನಗು ಬಂತು. ಆ ಹುಮ್ಮಸ್ಸಿನಲ್ಲೇ, "ಅಜ್ಜ ಇದ್ದಿದ್ರ ನಿನ್ನ ಫೋಟೋನೂ ತಲಿಕೆಳಗ ಮಾಡಿ ಹಚ್ತಿದ್ದ ನೋಡು," ಎಂದುಬಿಟ್ಟೆ.

ಇಂಚರಾ ಬಿದ್ದು ಬಿದ್ದು ನಕ್ಕಳು. ಸ್ಮಿತಾ ನಕ್ಕಳು. ಮಹಾಂತೇಶ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಅಲ್ಲಿ ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಈ ಆಣೆಯ ಪದಗಳನ್ನು ಅವನು ಧಾರವಾಡದಲ್ಲಿ ನಮ್ಮೊಟ್ಟಿಗಿರುವ ಅಪ್ಪನಿಗೆ ಇನ್ನೂ ಹೇಳಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಮರುದಿನ. ಹೇಳಬೇಡ ಅಕ್ಕಾ, ನಾನೇ ಹೇಳುತ್ತೇನೆ, ಎಂದ. ಯಾವಾಗ ಎಂದು ಹೇಳಲಿಲ್ಲ.

ಒನೆಹುಂಗಾ

ಮೂರು ವಾರ ಸಮಯವಿತ್ತು. ಅವನಿಗೆ ಸಮಾಧಾನವಾಗುವಂಥದ್ದೇನಾದರೂ ಹುಡುಕಿ ಕೊಡೋಣ ಎಂದು ನನಗೆ ನಾನೇ ಒಂದು ಕೆಲಸ ಹಚ್ಚಿಕೊಂಡೆ. ಈ ದೇಶಕ್ಕೂ ಎಂದೋ ಸ್ವಾತಂತ್ರ್ಯ ಬಂದಿರಬೇಕಲ್ಲ? ಬಂದಿದ್ದರೆ ರಾಜ ಬರೀ ಹೆಸರಿಗೆ ಉಳಿದ ಬೊಂಬೆ. ಬೊಂಬೆಗೆ ಆಣೆ ಮಾಡಿದರೆ ಅಜ್ಜನೇನೂ ಸಿಟ್ಟಾಗಲಾರರು.

ಮೊದಲು ಪಕ್ಕದ ಮನೆಯ ಕೆವಿನ್‌ನನ್ನು ಕೇಳಿದೆ. ನಿವೃತ್ತ ನಲ್ಲಿ ರಿಪೇರಿಯವನು, ಬರಿಗಾಲಲ್ಲೇ ಪೇಟೆಗೆ ಹೋಗಿಬರುವವನು. ನಿಮ್ಮ ಸ್ವಾತಂತ್ರ್ಯ ದಿನ ಯಾವತ್ತು ಎಂದದ್ದಕ್ಕೆ ತನ್ನ ಯೂಟ್ ಗಾಡಿಯ ಬಾನೆಟ್ಟಿಗೆ ಒರಗಿ ನಿಜವಾಗಿಯೂ ಯೋಚಿಸಿದ. ಕೊನೆಗೆ, ಗೊತ್ತಿಲ್ಲವಲ್ಲ, ನಾವ್ಯಾರೂ ಸ್ವಾತಂತ್ರ್ಯ ಕೇಳಿದ ನೆನಪಿಲ್ಲ, ಎಂದ. ಹೆಂಡತಿಯನ್ನು ಕರೆದ. ಅವಳು ಒಂದು ಇಸವಿ ಹೇಳಿದಳು. ಅದು ರಗ್ಬಿ ಪಂದ್ಯ ಗೆದ್ದ ವರ್ಷ ಎಂದು ಅವನು ತಿದ್ದಿದ.

ಎರಡನೆಯ ಸಾಕ್ಷಿ ಒನೆಹುಂಗಾದಲ್ಲಿ ಸಿಕ್ಕರು. ಸ್ಮಿತಾಳ ಅಂಗಡಿ ಅಲ್ಲಿನ ಪೇಟೆ ಬೀದಿಯಲ್ಲಿದೆ. ಒಂದು ದಿನ ಅವಳ ಜೊತೆ ಹೋದವಳು 'ಡೈರಿ' ಎಂಬ ಬೋರ್ಡು ಕಂಡು, ಒಳ್ಳೆ ಗಟ್ಟಿ ಮೊಸರು ಸಿಕ್ಕೀತೆಂದು ಒಳಗೆ ನುಗ್ಗಿದೆ. ಒಳಗೆ ಚಾಕಲೇಟು, ಸಿಗರೇಟು, ಲಾಟರಿ, ಪೇಪರು. ಇಲ್ಲಿ ಡೈರಿ ಎಂದರೆ ಮೂಲೆಯಂಗಡಿ. ಹಾಲು ಇದ್ದರೂ ಇರಬಹುದು, ಅಷ್ಟೇ.

ಗಲ್ಲೆಯ ಹಿಂದಿದ್ದ ಹಿರಿಯರು ನನ್ನ ಮುಖ ನೋಡಿ ಹಿಂದಿಯಲ್ಲಿ ಮಾತಾಡಿಸಿದರು. ಒಂಥರಾ ದುಂಡನೆಯ, ಕೇಳಿರದ ಹಿಂದಿ. ಯಾವ ಊರಿನವರು ಎಂದೆ. ಫಿಜಿ ದ್ವೀಪದವರು, ನಾವು ಗಿರ್ಮಿಟ್ ಜನ, ಎಂದರು.

ಧಾರವಾಡದವಳ ಮುಂದೆ ಈ ಮಾತು ಹೇಳಬಾರದು. ನನ್ನ ಕಣ್ಣ ಮುಂದೆ ಚುರುಮುರಿ, ಈರುಳ್ಳಿ, ಪುಟಾಣಿ ಹಿಟ್ಟು, ಪಕ್ಕದಲ್ಲಿ ಮಿರ್ಚಿ ಎಲ್ಲ ಬಂದು ನಿಂತವು. ನಮ್ಮೂರಲ್ಲೂ ಗಿರ್ಮಿಟ್ ಭಾಳ ಛಲೋ ಮಾಡುತ್ತಾರೆ ಎಂದುಬಿಟ್ಟೆ. ಅವರು ಗಾಬರಿಯಾದರು.

ಆಮೇಲೆ ಬಿಡಿಸಿ ಹೇಳಿದರು. ಗಿರ್ಮಿಟ್ ಎಂದರೆ ಅಗ್ರಿಮೆಂಟು. ಅವರ ಮುತ್ತಜ್ಜ ಮದರಾಸಿನ ಬಂದರಿನಲ್ಲಿ ಒಂದು ಅಗ್ರಿಮೆಂಟಿಗೆ ಹೆಬ್ಬೆಟ್ಟು ಒತ್ತಿದ್ದರು. ಕಬ್ಬು ಕಡಿಯುವ ಕೆಲಸ, ಹಡಗು ಪಕ್ಕದ ಊರಿಗೇ ಹೋಗುತ್ತದೆ ಎಂದು ನಂಬಿಸಿದ್ದರು. ಹಡಗು ವಾರಗಟ್ಟಲೆ ನಿಲ್ಲಲೇ ಇಲ್ಲ. ಬಿಳಿಯರ ಒಂದು ವಸಾಹತಿನಿಂದ ಎತ್ತಿ ಇನ್ನೊಂದಕ್ಕೆ ಹಾಕಿದರು, ಸಸಿ ಕಿತ್ತು ನೆಟ್ಟ ಹಾಗೆ, ಎಂದರು. ಫಿಜಿಗೆ ಸ್ವಾತಂತ್ರ್ಯ ಬಂದ ದಿನ ತಾವು ಶಾಲೆಯ ಹುಡುಗ, ಕೈಯಲ್ಲಿ ಕಾಗದದ ಬಾವುಟ ಹಿಡಿದು ಬಿಸಿಲಲ್ಲಿ ನಿಂತದ್ದು ನೆನಪಿದೆ. ಮುಂದೆ ಅಲ್ಲಿ ಸೈನ್ಯ ಸರ್ಕಾರವನ್ನು ಕಿತ್ತು ಹಾಕಿದಾಗ ಹೆದರಿ ಇಲ್ಲಿಗೆ ಬಂದರು. ಇಲ್ಲಿನ ಸ್ವಾತಂತ್ರ್ಯ ದಿನ ಕೇಳಿದ್ದಕ್ಕೆ ನಕ್ಕರು. ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ, ಆ ಹೆಸರಲ್ಲಿ ಒಂದು ದಿನವೂ ಬಾಗಿಲು ಹಾಕಿಲ್ಲ, ಎಂದರು. ಮೊಸರಿಗೆ ಯಾವ ಅಂಗಡಿಗೆ ಹೋಗಬೇಕೆಂದು ಹೇಳಿಕೊಟ್ಟು, ಒಂದು ಚಾಕಲೇಟು ಕೈಗಿಟ್ಟರು.

ಕೊನೆಗೆ ಗ್ರಂಥಾಲಯಕ್ಕೆ ಹೋಗಿ ಓದಿದೆ. ಇಲ್ಲಿ ಸ್ವಾತಂತ್ರ್ಯ ಮಳೆಯ ಹಾಗೆ ಸುರಿದದ್ದಲ್ಲ, ಇಬ್ಬನಿಯ ಹಾಗೆ ಇಳಿದದ್ದು. ೧೯೦೭ರಲ್ಲಿ ವಸಾಹತು ಎಂಬ ಹೆಸರು ತೆಗೆದು ಬೇರೆ ಹೆಸರಿಟ್ಟರು. ೧೯೩೧ರಲ್ಲಿ ಲಂಡನ್ ತಾನಾಗಿಯೇ, ನಿಮ್ಮ ಕಾನೂನು ನೀವೇ ಮಾಡಿಕೊಳ್ಳಿ, ಎಂದಿತು. ಇವರು ಅವಸರವೇನಿದೆ ಎಂದು ಅದನ್ನು ಒಪ್ಪಿಕೊಳ್ಳಲು ೧೯೪೭ರವರೆಗೆ ಕಾದರು. ಅದೇ ವರ್ಷ ನಾವು ಅದಕ್ಕಾಗಿ ಏನೆಲ್ಲ ಸುರಿದು ಕೂತಿದ್ದೆವು. ಕೋರ್ಟಿನವಳಾದ ನನಗೆ ದಿಗಿಲು ಹುಟ್ಟಿಸಿದ್ದು ಇನ್ನೊಂದು ಸಂಗತಿ. ಈ ಶತಮಾನದ ಆರಂಭದವರೆಗೂ ಇಲ್ಲಿನ ಕೇಸುಗಳ ಕಟ್ಟಕಡೆಯ ಅಪೀಲು ಲಂಡನ್ನಿಗೇ ಹೋಗುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಮಹಾಂತೇಶ, ಅಂದರೆ ಹುಟ್ಟಿದ ದಿನವೇ ಗೊತ್ತಿಲ್ಲದ ಮನುಷ್ಯನಂತೆ, ಎಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಉತ್ತರದ ದಾರಿ, ವೈತಾಂಗಿ

ಅವನ ಕಾರ್ಖಾನೆಯಲ್ಲಿ ಹೇನಿ ಎಂಬ ಮಾವೋರಿ ಹೆಣ್ಣುಮಗಳು ಬೆಸುಗೆ ವಿಭಾಗದ ಮುಖ್ಯಸ್ಥೆ. ಎತ್ತರದ ಆಳು, ನಗೆ ಅದಕ್ಕಿಂತ ಎತ್ತರ. ನನ್ನ ಪ್ರಶ್ನೆಯ ಸುದ್ದಿ ಅವಳ ಕಿವಿಗೂ ಬಿತ್ತು. 'ನಿಮಗೆ' ಸ್ವಾತಂತ್ರ್ಯ ಯಾವಾಗ ಬಂತು ಎಂದು ಕೇಳುತ್ತಿದ್ದಾಳಲ್ಲ ನಿನ್ನ ಅಕ್ಕ, ಯಾರಿಗೆ, ಯಾರಿಂದ ಎಂದು ಮೊದಲು ಕೇಳಲು ಹೇಳು, ಎಂದಳಂತೆ. ಆ ಶನಿವಾರ ಎಲ್ಲರನ್ನೂ ಕಾರಿಗೆ ಹಾಕಿಕೊಂಡು ತನ್ನ ತಾಯಿಯ ಊರ ಕಡೆ, ಉತ್ತರಕ್ಕೆ ಹೊರಟಳು.

ದಾರಿಯುದ್ದ ಇತಿಹಾಸ ಹೇಳಿದಳು, ನಮ್ಮೂರ ಹೆಂಗಸರು ಬೀಗರ ಮನೆಯ ಸುದ್ದಿ ಹೇಳಿದಂತೆ. ಅವಳ ಹಿರಿಯರು ದೋಣಿಗಳಲ್ಲಿ ಚುಕ್ಕೆ ನೋಡಿಕೊಂಡು, ಹಕ್ಕಿ ಹೋಗುವ ದಿಕ್ಕು ಹಿಡಿದು ಈ ನಡುಗಡ್ಡೆಗೆ ಬಂದವರು. ಎಷ್ಟೋ ಶತಮಾನ ಕಳೆದ ಮೇಲೆ ಒಬ್ಬ ಡಚ್ ನಾವಿಕ ಬಂದ. ಜಗಳವಾಯಿತು, ಅವನು ನೆಲಕ್ಕೆ ಕಾಲಿಡದೆ ಓಡಿದ. ಆಮೇಲೆ ಅವನ ದೇಶದ ನಕ್ಷೆಗಾರರು ಕೂತಲ್ಲೇ ನ್ಯೂಜಿಲೆಂಡ್ ಎಂಬ ಹೆಸರಿಟ್ಟರು. ಅವರ ಒಂದು ಪ್ರಾಂತದ ಹೆಸರಂತೆ. ಕಾಲಿಡದವರು ಇಟ್ಟ ಹೆಸರನ್ನೇ ಇನ್ನೂ ಹೊತ್ತು ತಿರುಗುತ್ತಿದ್ದೇವೆ, ಎಂದಳು. ಆಮೇಲೆ ಇಂಗ್ಲಿಷ್ ಕಪ್ತಾನ ಬಂದು ನಕ್ಷೆ ಬರೆದ. ತಿಮಿಂಗಿಲ ಹಿಡಿಯುವವರು, ಪಾದ್ರಿಗಳು, ಕೋವಿ ಮಾರುವವರು ಸಾಲಾಗಿ ಬಂದರು. ಕೊನೆಗೆ ಸರ್ಕಾರ ಬಂತು. ನಮ್ಮಲ್ಲೂ ಹಾಗೇ, ಮೊದಲು ಮೆಣಸಿನ ಕಾಳು ಕೇಳಿಕೊಂಡು ಬಂದರು, ಎಂದೆ. ಅಷ್ಟಕ್ಕೇ ನಾವಿಬ್ಬರೂ ಒಂದೇ ಓಣಿಯವರಂತಾದೆವು.

ಇಲ್ಲಿನ ಊರ ಹೆಸರುಗಳು ನನಗೆ ಬಲು ಇಷ್ಟವಾದವು. ಒನೆಹುಂಗಾ, ಮನುರೇವಾ, ಕವಕವ, ವೈತಾಂಗಿ. ಒಂದೂ ವ್ಯಂಜನಕ್ಕೆ ನಿಲ್ಲುವುದಿಲ್ಲ, ಎಲ್ಲ ನಮ್ಮ ಕನ್ನಡದಂತೆ ಸ್ವರಕ್ಕೇ ಬಂದು ಕೂರುತ್ತವೆ. ಕೆವಿನ್ ನಾಲಿಗೆ ಮಡಚಿ ಒದ್ದಾಡುವ ಹೆಸರುಗಳನ್ನು ನಾನು ಬೋರ್ಡು ನೋಡಿ ಸಲೀಸಾಗಿ ಓದುತ್ತಿದ್ದೆ. ಹೇನಿ ಪ್ರತಿ ಊರಿಗೂ ಕಾರು ನಿಧಾನ ಮಾಡಿ ನನ್ನಿಂದ ಓದಿಸಿದಳು.

ಕವಕವದಲ್ಲಿ ಅವಳ ತಾಯಿ ಕಾದಿದ್ದರು. ಎಲ್ಲರೂ ಅವರನ್ನು ನ್ಯಾನ್, ಅಂದರೆ ಅಜ್ಜಿ, ಎನ್ನುತ್ತಾರೆ. ಇಲ್ಲಿನ ಪದ್ಧತಿಯಂತೆ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಸ್ವಾಗತಿಸಬೇಕು. ನಾನು ಭಕ್ತಿಯಿಂದ ಮುಂದೆ ಬಾಗಿದೆ. ನನ್ನ ಕನ್ನಡಕದ ಕಡ್ಡಿ ಅವರ ಕನ್ನಡಕದ ಸರಪಳಿಗೆ ಸಿಕ್ಕಿಕೊಂಡಿತು. ಇಬ್ಬರೂ ಮೂಗು ಹಚ್ಚಿಕೊಂಡು ಹಾಗೇ ನಿಂತೆವು. ಸ್ಮಿತಾ ಬಂದು, ಕಣ್ಣಿನ ಡಾಕ್ಟರರ ಗಾಂಭೀರ್ಯದಿಂದ, ಬಿಡಿಸಿದಳು. ಇಷ್ಟು ಉದ್ದದ ಸ್ವಾಗತ ತಮ್ಮ ಜೀವಮಾನದಲ್ಲಿ ಯಾರಿಗೂ ಕೊಟ್ಟಿಲ್ಲ ಎಂದರು ನ್ಯಾನ್.

ಅವರನ್ನೂ ಕರೆದುಕೊಂಡು ವೈತಾಂಗಿಗೆ ಹೋದೆವು. ಹೆಸರಿನ ಅರ್ಥ ಅಳುವ ನೀರು. ಕಡಲಿಗೆ ಇಳಿಯುವ ಹಸಿರು ಬಯಲು, ನಡುವೆ ಒಂದು ಬಿಳಿ ಧ್ವಜಸ್ತಂಭ. ೧೮೪೦ರಲ್ಲಿ ಇಲ್ಲಿಯೇ ಮಾವೋರಿ ನಾಯಕರೂ ಇಂಗ್ಲೆಂಡಿನ ರಾಣಿಯ ಪರವಾಗಿ ಬಂದವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಹುಲ್ಲಿನ ಮೇಲೆ ಕಂಬಳಿ ಹಾಸಿ ನ್ಯಾನ್ ಬೇಯಿಸಿ ತಂದಿದ್ದ ಗೆಣಸು ಹಂಚಿದರು. ಅವರ ಹಿರಿಯರು ದೋಣಿಯಲ್ಲಿ ತಂದ ಗೆಣಸಂತೆ. ರುಚಿ ನಮ್ಮ ಗೆಣಸಿನದೇ.

ಒಪ್ಪಂದ ಎರಡು ಭಾಷೆಯಲ್ಲಿತ್ತು ಎಂದರು ನ್ಯಾನ್. ಇಂಗ್ಲಿಷಿನಲ್ಲಿ, ನಾಯಕರು ನಾಡಿನ ಪೂರ್ಣ ಒಡೆತನವನ್ನೇ ರಾಣಿಗೆ ಕೊಟ್ಟರು ಎಂದಿತ್ತು. ಮಾವೋರಿಯಲ್ಲಿ ಅವರ ಹಿರಿಯರು ಕೇಳಿದ್ದು ಬೇರೆ. ರಾಣಿಯ ಕಡೆಯವನೊಬ್ಬ ಆಡಳಿತ ನೋಡಿಕೊಳ್ಳಲಿ, ನೆಲದ ಮೇಲಿನ ದೊರೆತನ ನಮ್ಮಲ್ಲೇ ಇರಲಿ. ಹೆಚ್ಚಿನವರು ಸಹಿ ಹಾಕಿದ್ದು ಆ ಮಾವೋರಿ ಮಾತಿಗೆ.

ನನಗೆ ಕೂತಲ್ಲೇ ಮೈ ಬಿಸಿಯಾಯಿತು. ಯಾರು ಅನುವಾದ ಮಾಡಿದ್ದು ಎಂದು ಕೇಳಿದೆ. ಒಬ್ಬ ಪಾದ್ರಿ, ಮಗನ ಜೊತೆ ಕೂತು, ಒಂದು ರಾತ್ರಿಯಲ್ಲಿ. ಒಂದು ರಾತ್ರಿಯಲ್ಲಿ! ಎರಡೆಕರೆ ಹೊಲದ ಖರೀದಿಪತ್ರಕ್ಕೆ ನಾನು ಎರಡು ದಿನ ತೆಗೆದುಕೊಳ್ಳುತ್ತೇನೆ. ನಮ್ಮ ಕೋರ್ಟಿನ ಅರ್ಧ ದಾವೆಗಳು ಇದೇ ಕಥೆ ಎಂದು ಅವರಿಗೆ ಹೇಳಿದೆ. ಅಣ್ಣ ಊರು ಬಿಟ್ಟು ಹೋಗುವಾಗ ತಮ್ಮನಿಗೆ ಹೊಲದ ವಹಿವಾಟು ಕೊಟ್ಟು ಹೋಗಿರುತ್ತಾನೆ, ಉಳುವುದು, ಬಿತ್ತುವುದು, ನೋಡಿಕೊಳ್ಳುವುದು. ಹತ್ತು ವರ್ಷದ ಮೇಲೆ ಕಾಗದದಲ್ಲಿ ವಹಿವಾಟು ಹೋಗಿ ಮಾಲಕಿ, ಅಂದರೆ ಒಡೆತನ, ಆಗಿರುತ್ತದೆ. ಆಮೇಲೆ ಮೊಮ್ಮಕ್ಕಳ ಕಾಲದವರೆಗೂ ವಕೀಲರಿಗೆ ಅನ್ನ.

ನ್ಯಾನ್ ಆ ಎರಡು ಪದಗಳನ್ನು ಮತ್ತೆ ಮತ್ತೆ ಹೇಳಿಸಿಕೊಂಡರು. ವಹಿವಾಟು, ಮಾಲಕಿ. ಅವೂ ಸ್ವರಕ್ಕೇ ಮುಗಿಯುತ್ತವಲ್ಲ, ಅವರ ಬಾಯಲ್ಲಿ ಚೆನ್ನಾಗಿ ಕೂತವು.

ಆಗ ಮಹಾಂತೇಶ, ಅಲ್ಲಿಯವರೆಗೆ ಸುಮ್ಮನೆ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದವನು, ತನ್ನ ತ್ರಾಸು ಹೇಳಿದ. ಅಜ್ಜ, ತಂತಿ, ಜೈಲು, ಆಣೆ, ಎಲ್ಲ. ನೀವಾಗಿದ್ದರೆ ಆ ಆಣೆ ಮಾಡುತ್ತಿದ್ದಿರಾ ಎಂದು ಕೇಳಿದ.

ಹೇನಿ ಒಂದೇ ಮಾತಿಗೆ, ನಾನಂತೂ ಮಾಡುತ್ತಿರಲಿಲ್ಲ, ಎಂದಳು. ಹುಟ್ಟಿನಿಂದಲೇ ಇಲ್ಲಿಯವಳಾದ್ದರಿಂದ ಆ ಪ್ರಸಂಗ ಬರಲಿಲ್ಲ, ಬಚಾವು. ನ್ಯಾನ್ ತಲೆ ಅಲ್ಲಾಡಿಸಿದರು. ಆ ರಾಜನ ಮನೆತನ ನಮ್ಮ ಕರಾರಿನ ಎದುರು ಪಾರ್ಟಿ, ಎಂದರು. ಅವನೇ ಇಲ್ಲವೆಂದರೆ ಕೊಟ್ಟ ಮಾತು ಉಳಿಸಿ ಎಂದು ನಾವು ಕೇಳುವುದು ಯಾರನ್ನು? ಈ ಹುಡುಗ ಆಣೆ ಮಾಡಿ ಅವನ ಕಡೆ ಸೇರಿಕೊಂಡರೆ, ಆ ಮಾತು ಉಳಿಸಬೇಕಾದವರಲ್ಲಿ ಇನ್ನೊಬ್ಬ ಹೆಚ್ಚಾದ ಹಾಗೆ. ತಾಯಿ ಮಗಳಿಗೆ ವಾದ ಹತ್ತಿತು, ಮಾವೋರಿಯಲ್ಲಿ, ಏರುದನಿಯಲ್ಲಿ, ನಡುನಡುವೆ ಗೆಣಸು ತಿನ್ನುತ್ತ. ನಾವು ನಾಲ್ವರು ಒಮ್ಮೆ ಇವರ, ಒಮ್ಮೆ ಅವರ ಮುಖ ನೋಡುತ್ತ ಕೂತೆವು. ತೀರ್ಪು ಬರಲಿಲ್ಲ. ಗೆಣಸು ಮುಗಿಯಿತು.

ಧ್ವಜದ ಗುಡ್ಡ

ಮರುದಿನ ದೋಣಿಯಲ್ಲಿ ಕೊಲ್ಲಿ ದಾಟಿ ಆಚೆ ದಡದ ಪುಟ್ಟ ಊರಿಗೆ ಹೋದೆವು. ಊರ ಮೇಲೊಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಇನ್ನೊಂದು ಧ್ವಜಸ್ತಂಭ. ಈ ಜನಕ್ಕೆ ಕಂಬಗಳ ಹುಚ್ಚೇ ಎಂದು ಏದುಸಿರು ಬಿಡುತ್ತ ಕೇಳಿದೆ. ಇದರ ಕಥೆ ಕೇಳಿ ಆಮೇಲೆ ಬಯ್ಯಿ, ಎಂದಳು ಹೇನಿ.

ಒಪ್ಪಂದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದ ಮಾವೋರಿ ನಾಯಕನೇ ಕೆಲವೇ ವರ್ಷಗಳಲ್ಲಿ ಇಲ್ಲಿಗೆ ಕೊಡಲಿ ತಂದ. ಮಾತಿಗೆ ತಪ್ಪಿದ್ದೀರಿ ಎಂದು ಇಂಗ್ಲಿಷರ ಬಾವುಟದ ಕಂಬ ಕಡಿದು ಉರುಳಿಸಿದ. ಅವರು ಮತ್ತೆ ನೆಟ್ಟರು. ಮತ್ತೆ ಕಡಿಸಿದ. ಕಾವಲು ಹಾಕಿದರು. ಆದರೂ ಬಿತ್ತು. ಕೊನೆಗೆ ಕಂಬಕ್ಕೆ ಕಬ್ಬಿಣದ ಕವಚವನ್ನೇ ಹೊದಿಸಿ ನಿಲ್ಲಿಸಿದರು. ನಾಲ್ಕನೆಯ ಸಲವೂ ಅದು ಉರುಳಿತು, ಆ ಸಲ ಊರೂ ಹೊತ್ತಿ ಉರಿಯಿತು, ಯುದ್ಧವೇ ಆಯಿತು. ಮುಂದೆ ಎಷ್ಟೋ ಕಾಲ ಆ ಕಂಬವನ್ನು ಯಾರೂ ಎತ್ತಲಿಲ್ಲ. ಕೊನೆಗೆ ಕಡಿದವರ ಕಡೆಯವರೇ ತಾವಾಗಿ ಒಂದು ಕಂಬ ತಂದು ನೆಟ್ಟರು.

ಮಹಾಂತೇಶ ಎಂಜಿನಿಯರನಾದ. ಕಬ್ಬಿಣ ಎಷ್ಟು ದಪ್ಪ ಇತ್ತು, ಎಷ್ಟು ಎತ್ತರದವರೆಗೆ ಹೊದಿಸಿದ್ದರು, ಬುಡದಲ್ಲಿ ಅಗೆದರೋ ಮೇಲೆ ಕಡಿದರೋ? ಹೇನಿಗೆ ಗೊತ್ತಿರಲಿಲ್ಲ. ಇಬ್ಬರೂ ಈಗಿನ ಕಂಬದ ಸುತ್ತ ಕೂತು, ತಾವಾಗಿದ್ದರೆ ಹೇಗೆ ಉರುಳಿಸುತ್ತಿದ್ದೆವು ಎಂದು ಬಹಳ ಗಂಭೀರವಾಗಿ ಚರ್ಚಿಸಿದರು. ಇಂಚರಾ, "ಯೂ ಗೈಸ್ ಆರ್ ಗೋಯಿಂಗ್ ಟು ಗೆಟ್ ಅರೆಸ್ಟೆಡ್," ಎಂದಳು. ಬಂದ ಮೇಲೆ ಮೊದಲ ಸಲ ನನ್ನ ತಮ್ಮ ಗಟ್ಟಿಯಾಗಿ ನಕ್ಕದ್ದು ಅಲ್ಲಿ.

ಇಳಿಯುವಾಗ ನಾನು ಅವನ ಪಕ್ಕ ನಡೆದೆ. "ಅವತ್ತ ಫೋಟೋದ ಮಾತು ಸುಮ್ನ ಚ್ಯಾಷ್ಟಿಗೆ ಅಂದಿದ್ದೆ," ಎಂದೆ.

"ಗೊತ್ತೈತಿ ಬಿಡು," ಎಂದ. "ಆದ್ರ ಅಜ್ಜ ನಿಜವಾಗ್ಲೂ ಹಂಗ ಮಾಡ್ತಿದ್ದ."

ಸಮಾರಂಭದ ಸಭಾಂಗಣ

ಸಮಾರಂಭ ಸಂಜೆಗಿತ್ತು. ಮಹಾಂತೇಶ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದ. ಬರುತ್ತೀಯಾ ಎಂದು ಕೇಳಲು ನನಗೂ ಸ್ಮಿತಾಳಿಗೂ ಬಾಯಿ ಬರಲಿಲ್ಲ. ಸ್ಮಿತಾ ಮೈಸೂರು ರೇಷ್ಮೆ ಉಟ್ಟಳು, ನಾನು ಇಳಕಲ್ ಸೀರೆ. ಸಭಾಂಗಣಕ್ಕೆ ಹೋಗಿ ಕೂತೆವು. ಕುರ್ಚಿಗಳು ತುಂಬುತ್ತ ಬಂದವು. ತಲೆಗೆ ಹೂವಿನ ಕಿರೀಟ ಹಾಕಿಕೊಂಡ ಸಮೋವಾದ ಹೆಂಗಸರು, ಸೂಟು ಹಾಕಿದ ಚೀನೀ ಅಜ್ಜ, ಪಾವಡೆ ತೊಟ್ಟ ಸ್ಕಾಟ್ಲೆಂಡಿನ ಗಂಡಸು. ಅವನನ್ನು ನೋಡಿ ಇಂಚರಾಳಿಗೂ ನನಗೂ ನಗು ತಡೆಯಲಾಗಲಿಲ್ಲ. ರಾಜನ ಪಕ್ಕದೂರಿನಿಂದ ಬಂದು ಇಲ್ಲಿ ರಾಜನಿಗೆ ಆಣೆ ಮಾಡುವವನೂ ಒಬ್ಬನಿದ್ದ.

ಮಹಾಂತೇಶ ಕೊನೇ ಗಳಿಗೆಯಲ್ಲಿ ಬಂದ, ಜೊತೆಗೆ ಹೇನಿ. ಅವನು ಜುಬ್ಬ ಹಾಕಿದ್ದ, ಯಾವುದೋ ಪಾರ್ಕಿಂಗಿನಲ್ಲಿ ಬಟ್ಟೆ ಬದಲಿಸಿದವನಂತೆ ಗುಂಡಿ ಹೆಚ್ಚುಕಡಿಮೆಯಾಗಿತ್ತು. ನಮ್ಮತ್ತ ನೋಡದೆ ಮುಂದಿನ ಸಾಲಿಗೆ ಹೋಗಿ ಕೂತ.

ಇಂಗ್ಲಿಷಿನಲ್ಲಿ ಆಣೆ ಮಾಡುವವರು ಎದ್ದು ನಿಲ್ಲಿ ಎಂದರು. ಸಭಾಂಗಣವೇ ಎದ್ದ ಹಾಗಾಯಿತು. ಎಲ್ಲರೂ ಒಟ್ಟಿಗೆ ಹೇಳಿದರು. ಅವನು ಏಳಲಿಲ್ಲ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಸ್ಮಿತಾ ನನ್ನ ಕೈ ಹಿಡಿದಳು. ಆಣೆ ಮುಗಿಯಿತು, ಜನ ಕೂತರು. ಹಾಗಾದರೆ ಇಲ್ಲ, ಎಂದುಕೊಂಡೆ. ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ವೇದಿಕೆಯ ಮೇಜಿನ ಮೇಲಿದ್ದ ಅವನ ಪ್ರಮಾಣಪತ್ರವನ್ನು ಯಾರು ಹೇಗೆ ವಾಪಸು ಒಯ್ಯುತ್ತಾರೋ ಎಂದು ಅತ್ತಲೇ ನೋಡುತ್ತ ಕೂತೆ.

ಆಗ ವೇದಿಕೆಯಲ್ಲಿದ್ದವರು, ಮಾವೋರಿ ಭಾಷೆಯಲ್ಲಿ ಆಣೆ ಮಾಡಲು ಕೇಳಿಕೊಂಡವರು, ಎಂದರು. ಇಬ್ಬರು ಎದ್ದರು. ಒಬ್ಬಳು ಎಳೆಯ ಜರ್ಮನ್ ಹುಡುಗಿ. ಇನ್ನೊಬ್ಬ ನನ್ನ ತಮ್ಮ.

ಹುಡುಗಿ ತಡವರಿಸಿದಳು. ಅವನು ತಡವರಿಸಲಿಲ್ಲ. ಆ ಸ್ವರಗಳು ಅವನ ಬಾಯಲ್ಲಿ ಧಾರವಾಡದ ಧಾಟಿಯಲ್ಲಿ, ಒಂದೊಂದೇ ಬಿಡಿಬಿಡಿಯಾಗಿ ಬಂದವು. ನಮ್ಮ ಹಿಂದಿನ ಸಾಲಿನಲ್ಲಿ ಕೂತ ಹೇನಿ ತುಟಿ ಅಲುಗಿಸುತ್ತ ಜೊತೆಗೂಡಿದ್ದಳು. ವೈತಾಂಗಿಯಿಂದ ಬಂದ ಮೇಲೆ ದಿನವೂ ಊಟದ ವಿರಾಮದಲ್ಲಿ ಟ್ಯಾಂಕುಗಳ ಹಿಂದೆ ಅವನಿಗೆ ಕಲಿಸಿದವಳು ಅವಳೇ ಎಂದು ಆಮೇಲೆ ತಿಳಿಯಿತು. ನಾನಂತೂ ಮಾಡುತ್ತಿರಲಿಲ್ಲ ಎಂದಿದ್ದವಳು.

ಹೊರಗೆ ಬಂದು ಹುಲ್ಲಿನ ಮೇಲೆ ನಿಂತಾಗ, ಯಾಕೆ ಹೀಗೆ ಎಂದು ಕೇಳಿದೆ.

"ಇಂಗ್ಲಿಷ್‌ನ್ಯಾಗ ಬಾಯಿ ಏಳಲಿಲ್ಲ ಅಕ್ಕಾ," ಎಂದ. "ರಾಜ ಇದರಾಗೂ ಅದಾನ. ಆದ್ರ ಇದರಾಗ ಹೇಳಿದ್ರ ಕರಾರು ಮಾಡಿದಂಗ ಅನಸ್ತೈತಿ."

ಇಲ್ಲಿ ಸಂಜೆ, ಧಾರವಾಡದಲ್ಲಿ ಅಪ್ಪ ನಾಷ್ಟಾ ಮುಗಿಸಿ ಪೇಪರ್ ಓದುವ ಹೊತ್ತು. ಮಹಾಂತೇಶ ಅಲ್ಲೇ ಫೋನು ಹಚ್ಚಿದ. ಪರದೆಯ ತುಂಬ ಅಪ್ಪನ ಹಣೆ ಕಂಡಿತು, ಅವರಿಗೆ ಫೋನು ಹಿಡಿಯಲು ಇನ್ನೂ ಬರುವುದಿಲ್ಲ. ಮಗ ಪೀಠಿಕೆ ಹಾಕಲಿಲ್ಲ.

"ಅಪ್ಪಾ, ಇಲ್ಲಿ ರಾಜಾನ ಹೆಸರಿಗೆ ಆಣಿ ಮಾಡಬೇಕಿತ್ತು. ಮಾಡೀನಿ. ಇಂಗ್ಲೆಂಡಿನ ರಾಜ. ನಿಂಗ ಮೊದಲ ಹೇಳಬೇಕಾಗಿತ್ತು."

ಹಣೆ ಅಲುಗಲಿಲ್ಲ. ಹಿಂದೆ ನಮ್ಮ ಬೀದಿಯಲ್ಲಿ ಸೊಪ್ಪಿನವಳು ಕೂಗುವುದು ಕೇಳಿಸಿತು.

"ಇಷ್ಟು ದಿನಾ ನೀ ಅಲ್ಲಿ ಬೀಗರಂಗ ಇದ್ದಿ," ಎಂದರು ಅಪ್ಪ ಕೊನೆಗೆ. "ಬೀಗರು ತಕರಾರು ತಗದ್ರ ಹೊರಗ ಕಳಸ್ತಾರ. ಮನೀ ಮಗಾ ತಕರಾರು ತಗದ್ರ ಒಳಗ ಹಾಕ್ತಾರ. ನಮ್ಮಪ್ಪನ್ನ ಒಳಗ ಹಾಕಿದ್ರು, ಯಾಕಂದ್ರ ಆ ಮನಿ ಅವಂದಾಗಿತ್ತು. ಈಗ ನಿಂಗೂ ಜೈಲಿಗೆ ಹೋಗೂ ಹಕ್ಕು ಬಂತಲ್ಲ, ತಮ್ಮಾ. ಛಲೋ ಆತು."

ಮಹಾಂತೇಶ ಫೋನು ಹಿಡಿದೇ ಹುಲ್ಲಿನ ಮೇಲೆ ಕೂತುಬಿಟ್ಟ. ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದ. ಸ್ಮಿತಾ ಬಾಗಿ, "ಮಾವಾ, ಹಾಗೆಲ್ಲ ಹೇಳ್ಕೊಡಬೇಡಿ, ನಾಳೆನೇ ಶುರು ಮಾಡ್ಬಿಡ್ತಾರೆ," ಎಂದಳು.

ಏನಾಯಿತು ಎಂದು ಹೇನಿ ಕೇಳಿದಳು. ಇಂಚರಾ ಅಜ್ಜನ ಮಾತನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಹೇನಿ ತಲೆ ಹಿಂದೆ ಹಾಕಿ ನಕ್ಕ ರಭಸಕ್ಕೆ ಪಾವಡೆಯ ಸ್ಕಾಟ್ಲೆಂಡಿನವನು ತಿರುಗಿ ನೋಡಿದ. ನೆಲಕ್ಕಾಗಿ ಧರಣಿ ಕೂತು ಒಳಗೆ ಹೋಗಿ ಬಂದವರು ತಮ್ಮ ಮನೆಯಲ್ಲೇ ಮೂವರು ಮಾವಂದಿರಿದ್ದಾರೆ, ಸಾಲು ಉದ್ದವಿದೆ, ಮಹಾ ಹಿಂದೆ ಬಂದು ನಿಲ್ಲಲಿ, ಎಂದಳು.

"ಯಾರ ಅಕಿ, ಅಷ್ಟ ನಗಾಕತ್ತಾಳ?" ಎಂದಿತು ಅಪ್ಪನ ಹಣೆ.

ಮಹಾಂತೇಶ ಫೋನನ್ನು ಹೇನಿಯ ಮುಖದ ಕಡೆ ತಿರುಗಿಸಿದ.

"ಈ ಮನಿ ಹಿರೇಮಗಳು, ಅಪ್ಪಾ," ಎಂದ.